ಕೋಲು ಮುಖ, ಗೋಧಿ ಬಣ್ಣ ಮೂಳೆಯಲ್ಲಿ ಇರುವುದಿಲ್ಲ

(ಕಾರವಾರದಲ್ಲಿ ಕಾಲೇಜು ವಿದ್ಯಾರ್ಥಿಗಳು, ಪೊಲೀಸ್ ಸಿಬ್ಬಂದಿ ಮತ್ತು ಮೀನುಗಾರ ಕುಟುಂಬದವರ ಎದುರು ಆಡಿದ ಮಾತುಗಳ ಬರಹ ರೂಪ)

ಒಂದು ಸಿಮೆಂಟ್ ಚೀಲದಿಂದ ಶುರು ಮಾಡುತ್ತೇನೆ.

ಜುಲೈ ತಿಂಗಳು. ಘಟ್ಟದ ಮೇಲೆ ಉಪ್ಪಾಗೆ ಎಂಬ ಹುಳಿ ಹಣ್ಣು ಆರಿಸುವ ಸಮಯ. ಜೋರು ಮಳೆಯಲ್ಲೇ ಬೆಟ್ಟಕ್ಕೆ ಹೋದ ಇಬ್ಬರಿಗೆ ಒಂದು ಮರದ ಬುಡದಲ್ಲಿ, ಒದ್ದೆ ದರಕಿನ, ಅಂದರೆ ಉದುರಿದ ಎಲೆಗಳ ಅಡಿಯಲ್ಲಿ, ತಲೆಬುರುಡೆ ಕಂಡಿತು. ಅವರು ಅದನ್ನು ಮುಟ್ಟಲಿಲ್ಲ. ಒಬ್ಬರು ಅಲ್ಲೇ ನಿಂತರು, ಇನ್ನೊಬ್ಬರು ಕೆಳಗಿಳಿದು ಫೋನ್ ಮಾಡಿದರು. ಇಡೀ ಕೆಲಸದಲ್ಲಿ ಎಲ್ಲರಿಗಿಂತ ಸರಿಯಾಗಿ ನಡೆದುಕೊಂಡವರು ಈ ಇಬ್ಬರು. ಪೊಲೀಸರು ಬಂದರು, ಮಹಜರು ಆಯಿತು, ಯುಡಿಆರ್ ಅಂದರೆ ಅಸ್ವಾಭಾವಿಕ ಮರಣದ ಪ್ರಕರಣ ದಾಖಲಾಯಿತು. ಕಣ್ಣಿಗೆ ಕಂಡದ್ದನ್ನೆಲ್ಲ ಸಿಮೆಂಟ್ ಚೀಲಕ್ಕೆ ತುಂಬಿ ನನ್ನ ಟೇಬಲ್ಲಿಗೆ ತಂದರು. ಚೀಲದ ತಳದಲ್ಲಿ ಕೆಂಪು ನೀರು ಸೋರುತ್ತಿತ್ತು.

ನಾನು ಓದಿದ್ದು ವೈದ್ಯಕೀಯ. ಕಲಿಸಿದ್ದು ವಿಧಿವಿಜ್ಞಾನ. ಮೂಳೆ ನೋಡಿ ಮನುಷ್ಯನನ್ನು ಗುರುತು ಹಿಡಿಯುವ ವಿದ್ಯೆಗೆ ವಿಧಿವಿಜ್ಞಾನ ಮಾನವಶಾಸ್ತ್ರ ಅನ್ನುತ್ತಾರೆ. ಹೆಸರು ದೊಡ್ಡದು. ಕೆಲಸ ಮಾತ್ರ ಬಹಳ ನಿಧಾನದ್ದು. ಚೀಲ ಬಿಚ್ಚಿ, ಮಣ್ಣು ತೊಳೆದು, ನೆರಳಿನಲ್ಲಿ ಒಣಗಿಸಿ, ಬಿಳಿ ಹಾಳೆಯ ಮೇಲೆ ಒಂದೊಂದೇ ಮೂಳೆಯನ್ನು ಅದರ ಜಾಗದಲ್ಲಿ ಇಡಬೇಕು. ದೊಡ್ಡವರ ಮೈಯಲ್ಲಿ 206 ಮೂಳೆ. ಹುಟ್ಟಿದ ಮಗುವಿಗೆ ಮುನ್ನೂರರ ಹತ್ತಿರ, ಆಮೇಲೆ ಅವು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ನನ್ನ ಚೀಲದಲ್ಲಿ ಇದ್ದದ್ದು 67 ತುಂಡು. ಅದರಲ್ಲಿ 11 ಮನುಷ್ಯರದ್ದಲ್ಲ. ಕೆಲವು ಹಂದಿಯದು, ಒಂದೆರಡು ದನದ್ದು.

ಇದು ತೀರಾ ಮೊದಲ ಪ್ರಶ್ನೆ, ನಗಬೇಡಿ. ಮನುಷ್ಯರದ್ದಾ, ಪ್ರಾಣಿಯದಾ? ಚರ್ಮ ಹೋದ ಕರಡಿಯ ಪಾದ ಮನುಷ್ಯರ ಕೈಯಂತೆಯೇ ಕಾಣುತ್ತದೆ. ಕರಾವಳಿಯಲ್ಲಿ ಕೂತವರಿಗೆ ಬೇರೆ ಉದಾಹರಣೆ ಕೊಡುತ್ತೇನೆ. ದಡಕ್ಕೆ ಬಿದ್ದ ಡಾಲ್ಫಿನ್ ನೀವೆಲ್ಲ ನೋಡಿದ್ದೀರಿ. ಅದರ ಈಜುರೆಕ್ಕೆಯ ಮಾಂಸ ಕೊಳೆತು ಹೋದರೆ ಒಳಗೆ ಐದು ಬೆರಳಿನ ಮೂಳೆಗಳಿರುತ್ತವೆ. ಮರಳಲ್ಲಿ ಅರ್ಧ ಹೂತಿದ್ದರೆ ಎಂಥವರಿಗೂ ಎದೆ ಧಸಕ್ಕೆನ್ನುತ್ತದೆ. ಆಗ ಎಣಿಸಬೇಕು. ನಮ್ಮ ಒಂದೊಂದು ಬೆರಳಿಗೆ ಮೂರು ಮೂಳೆ, ಹೆಬ್ಬೆರಳಿಗೆ ಎರಡು. ಡಾಲ್ಫಿನ್ನಿನ ನಡುಬೆರಳುಗಳಲ್ಲಿ ಅದಕ್ಕಿಂತ ಜಾಸ್ತಿ ಇರುತ್ತವೆ. ಎಣಿಸಿದ ಮೇಲೂ ಅನುಮಾನ ಉಳಿದರೆ ಪೊಲೀಸರಿಗೆ ತಿಳಿಸಿ. ಪ್ರಾಣಿಯದು ಅಂತ ಗೊತ್ತಾದರೆ ಯಾರಿಗೂ ನಷ್ಟವಿಲ್ಲ.

ಎರಡನೇ ಪ್ರಶ್ನೆ, ಎಷ್ಟು ಜನ? ಎರಡು ಎಡ ತೊಡೆಮೂಳೆ ಸಿಕ್ಕರೆ ಅಲ್ಲಿ ಕನಿಷ್ಠ ಇಬ್ಬರು. ನನ್ನ ಹಾಳೆಯ ಮೇಲೆ ಯಾವ ಮೂಳೆಯೂ ಎರಡು ಸಲ ಬರಲಿಲ್ಲ. ಒಬ್ಬರೇ.

ಗಂಡೋ ಹೆಣ್ಣೋ ಎಂದು ತಿಳಿಯಲು ಎಲ್ಲರೂ ತಲೆಬುರುಡೆ ನೋಡುತ್ತಾರೆ. ನಾನು ಮೊದಲು ಸೊಂಟದ ಮೂಳೆ ಹುಡುಕುತ್ತೇನೆ. ಹೆಂಗಸರ ಸೊಂಟ ಹೆರಿಗೆಗೆ ಹೊಂದುವ ಹಾಗೆ ಅಗಲ. ಮುಂದೆ ಎರಡು ಮೂಳೆ ಕೂಡುವಲ್ಲಿ, ಅದರ ಕೆಳಗಿನ ಕೋನ ಹೆಂಗಸರಲ್ಲಿ ಬಿಚ್ಚಿಕೊಂಡಿರುತ್ತದೆ, ಗಂಡಸರಲ್ಲಿ ಇಕ್ಕಟ್ಟು. ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳನ್ನು ಪೂರ್ತಿ ಅಗಲಿಸಿ ನೋಡಿ. ಅದು ಹೆಣ್ಣಿನ ಕೋನ. ಈಗ ತೋರುಬೆರಳು, ನಡುಬೆರಳು ಅಗಲಿಸಿ. ಅದು ಗಂಡಿನದು. ತಲೆಬುರುಡೆಯಲ್ಲೂ ಗುರುತುಗಳಿವೆ. ಹುಬ್ಬಿನ ಉಬ್ಬು, ಕಿವಿಯ ಹಿಂದಿನ ಗಂಟು, ಗದ್ದದ ಆಕಾರ. ಆದರೆ ತಲೆಬುರುಡೆ ಒಂದೇ ಸಿಕ್ಕರೆ ನಾನು ಸ್ವಲ್ಪ ಹಿಂಜರಿದೇ ಹೇಳುತ್ತೇನೆ. ಮೈನೆರೆಯದ ಮಕ್ಕಳ ಮೂಳೆಯಲ್ಲಿ ಹುಡುಗನೋ ಹುಡುಗಿಯೋ ಹೇಳುವುದು ಕಷ್ಟ. ಅಲ್ಲಿ ಡಿಎನ್‌ಎ ಬೇಕು. ಮೂಳೆ ನೋಡಿ ಧೈರ್ಯವಾಗಿ ಹೇಳುವವರನ್ನು ನಂಬಬೇಡಿ.

ವಯಸ್ಸಿನ ವಿಷಯ ಹೀಗೆ. ಬೆಳೆಯುವ ವಯಸ್ಸಿನಲ್ಲಿ ಮೂಳೆ ನಿಖರವಾಗಿ ಮಾತಾಡುತ್ತದೆ. ಯಾವ ಹಲ್ಲು ಮೂಡಿದೆ, ಯಾವ ಮೂಳೆಯ ತುದಿ ಬೆಸೆದಿದೆ ಎಂದು ನೋಡಿದರೆ ಒಂದೆರಡು ವರ್ಷದ ಹೆಚ್ಚುಕಮ್ಮಿಯಲ್ಲಿ ಹೇಳಬಹುದು. ಎಲ್ಲಕ್ಕಿಂತ ಕೊನೆಗೆ ಬೆಸೆಯುವುದು ಕತ್ತಿನ ಕೆಳಗಿನ ಕೊರಳೆಲುಬಿನ ಒಳತುದಿ. ಅದು ಪೂರ್ತಿ ಆಗಲು ಮೂವತ್ತರ ಹತ್ತಿರ ಬರಬೇಕು. ಅಲ್ಲಿಂದ ಮುಂದೆ ಮೂಳೆ ಬೆಳೆಯುವುದಿಲ್ಲ, ಸವೆಯುತ್ತದೆ. ಸವೆತ ಒಬ್ಬೊಬ್ಬರದು ಒಂದೊಂದು ಥರ. ತಲೆಹೊರೆ ಹೊತ್ತವರ ಬೆನ್ನುಮೂಳೆಯೂ ಕುರ್ಚಿಯಲ್ಲಿ ಕೂತವರ ಬೆನ್ನುಮೂಳೆಯೂ ಒಂದೇ ವಯಸ್ಸಿಗೆ ಒಂದೇ ಥರ ಸವೆಯುವುದಿಲ್ಲ. ಅದಕ್ಕೇ ನಲವತ್ತು ದಾಟಿದವರ ಬಗ್ಗೆ ಹತ್ತು ಹದಿನೈದು ವರ್ಷದ ಅಂತರ ಬಿಟ್ಟೇ ಬರೆಯಬೇಕಾಗುತ್ತದೆ. ನನ್ನ ಟೇಬಲ್ಲಿನ ಮೇಲಿದ್ದವರಿಗೆ ನಾನು ಬರೆದದ್ದು, ಗಂಡಸು, ವಯಸ್ಸು 40ರಿಂದ 55.

ಎತ್ತರಕ್ಕೆ ತೊಡೆಮೂಳೆ ಬೇಕು. ತೊಡೆಮೂಳೆಯ ಉದ್ದ ನಮ್ಮ ಎತ್ತರದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಸುಮಾರು ಶೇಕಡ 26ರಿಂದ 27. ಇದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಲೆಕ್ಕ ಹಾಕಿದವರಲ್ಲಿ ಮಿಲ್ಡ್ರೆಡ್ ಟ್ರಾಟರ್ ಮತ್ತು ಗೋಲ್ಡಿನ್ ಗ್ಲೆಸರ್ ಮುಖ್ಯರು. 1952ರಲ್ಲಿ ಅವರು ಕೊಟ್ಟ ಸೂತ್ರಗಳು ಇಂದಿಗೂ ಪಠ್ಯಪುಸ್ತಕದಲ್ಲಿವೆ. ಆದರೆ ಅವರು ಅಳೆದ ಮೂಳೆಗಳಲ್ಲಿ ಒಂದು ದೊಡ್ಡ ಪಾಲು ಎರಡನೇ ಮಹಾಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರದ್ದು. ಸೈನ್ಯಕ್ಕೆ ಸೇರುವಾಗ ಅವರ ಎತ್ತರ ಅಳೆದಿದ್ದರು, ಹಾಗಾಗಿ ಹೋಲಿಸಲು ಸಾಧ್ಯವಾಯಿತು. ಆ ಸೂತ್ರವನ್ನು ಹಾಗೆಯೇ ತಂದು ಘಟ್ಟದ ಮೇಲಿನ ಒಬ್ಬ ಕೂಲಿಯವರ ಮೂಳೆಗೆ ಹಚ್ಚಿದರೆ ತಪ್ಪಾಗಬಹುದು. ಮೈಕಟ್ಟು ಬೇರೆ, ಬೆಳೆಯುವಾಗ ಉಂಡದ್ದು ಬೇರೆ. ನಮ್ಮ ಜನರ ಅಳತೆ ನಮ್ಮಲ್ಲೇ ಆಗಬೇಕು. ಇಲ್ಲಿ ಕೂತ ವಿದ್ಯಾರ್ಥಿಗಳು ಇದನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ಮಾಡಲು ಬೇಕಾದಷ್ಟು ಕೆಲಸ ಬಾಕಿ ಇದೆ.

ಈಗ ನನ್ನ ಟೇಬಲ್ಲಿಗೆ ಬನ್ನಿ. ಬಲ ತೊಡೆಮೂಳೆ 42.5 ಸೆಂಟಿಮೀಟರ್. ಎಡದ್ದು 39. ಇಷ್ಟು ವ್ಯತ್ಯಾಸ ಸುಮ್ನೆ ಬರುವುದಿಲ್ಲ. ಎಡ ಮೂಳೆಯ ನಡುವೆ ಒಂದು ದಪ್ಪ ಗಂಟು, ಅಲ್ಲಿಂದ ಮೂಳೆ ಸ್ವಲ್ಪ ಬಾಗಿದೆ. ಎಷ್ಟೋ ವರ್ಷದ ಹಿಂದೆ ಮುರಿದ ಮೂಳೆ. ಎರಡು ತುದಿ ಒಂದರ ಪಕ್ಕ ಒಂದು ಜಾರಿ, ಹಾಗೆಯೇ ಕೂಡಿಕೊಂಡಿದೆ. ಪ್ಲೇಟ್ ಹಾಕಿದ ಗುರುತಿಲ್ಲ, ಸ್ಕ್ರೂ ತೂತಿಲ್ಲ. ಆಸ್ಪತ್ರೆ ನೋಡಿದ ಕಾಲಲ್ಲ ಅದು. ಈತ ಬದುಕಿದಷ್ಟು ದಿನ ಕುಂಟುತ್ತಿದ್ದ. ಬಲ ಸೊಂಟದ ಕೀಲು ಆ ಭಾರ ಹೊತ್ತು ಸವೆದಿತ್ತು. ಎತ್ತರ ಬಲಗಾಲಿನಿಂದ ಲೆಕ್ಕ ಹಾಕಿದೆ, ಸುಮಾರು 159 ಸೆಂಟಿಮೀಟರ್. ಅಂದರೆ 5 ಅಡಿ 2-3 ಇಂಚು.

ಹಲ್ಲುಗಳ ಬುಡದಲ್ಲಿ ಕೆಂಪುಗಪ್ಪು ಕಲೆ. ಕವಳ, ಅಂದರೆ ಎಲೆಅಡಿಕೆ ಹಾಕುವವರ ಹಲ್ಲು. ಶಿರಸಿ ಸೀಮೆಯಲ್ಲಿ ಅದರಿಂದ ಯಾರನ್ನೂ ಗುರುತಿಸಲು ಆಗುವುದಿಲ್ಲ, ಆದರೂ ಬರೆದೆ. ಮೇಲಿನ ಒಂದು ಮುಂಹಲ್ಲು ಅರ್ಧ ಮುರಿದಿತ್ತು, ಮುರಿದ ಅಂಚು ಸವೆದು ನುಣುಪಾಗಿತ್ತು. ಹಳೆಯ ಪೆಟ್ಟು. ಇದು ಕವಳಕ್ಕಿಂತ ಬೆಲೆಬಾಳುವ ಗುರುತು. ನಗುವಾಗ ಕಂಡಿರುತ್ತದೆ, ಅಲ್ವಾ? ಯಾರಾದರೂ ನೆನಪಿಟ್ಟುಕೊಂಡಿರುತ್ತಾರೆ.

ಪಕ್ಕೆಲುಬಿನ ಮೇಲೆ, ಕಾಲಿನ ಮೂಳೆಯ ಅಂಚಿನಲ್ಲಿ ಸಾಲು ಸಾಲು ಗೀರುಗಳಿದ್ದವು. ಮಹಜರಿನಲ್ಲಿ "ಹರಿತವಾದ ಆಯುಧದಿಂದ ಕೊಯ್ದಂತೆ" ಎಂದು ಬರೆದಿದ್ದರು. ಊರಲ್ಲಿ ಅಷ್ಟರಲ್ಲೇ ಕೊಲೆ ಎಂಬ ಸುದ್ದಿ ಹಬ್ಬಿತ್ತು. ಲೆನ್ಸ್ ಹಿಡಿದು ನೋಡಿದೆ. ಗೀರುಗಳು ಜೋಡಿ ಜೋಡಿ, ಒಂದಕ್ಕೊಂದು ಒತ್ತಾಗಿ, ತಳ ಚಪ್ಪಟೆ, ಅಂಚಿನುದ್ದಕ್ಕೂ. ಕತ್ತಿಯ ಗೀರು ಸಪೂರ ಇರುತ್ತದೆ, ತಳ ಚೂಪು. ಇದು ಮುಳ್ಳುಹಂದಿ. ಅದು ಸುಣ್ಣದ ಅಂಶಕ್ಕಾಗಿ, ಹಲ್ಲು ಸವೆಸಲಿಕ್ಕಾಗಿ ಒಣಗಿದ ಮೂಳೆ ಕಡಿಯುತ್ತದೆ. ನಾಯಿ, ನರಿ ಕಡಿದರೆ ಮೂಳೆಯ ತುದಿ ಜಗಿದು ತೂತು ಬಿದ್ದಿರುತ್ತದೆ. ಘಟ್ಟದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ಸಬ್ ಇನ್‌ಸ್ಪೆಕ್ಟರಿಗೂ ಇದು ಗೊತ್ತಿರಬೇಕು. ಒಂದು ಮುಳ್ಳುಹಂದಿಯ ಹಲ್ಲಿನಿಂದ ಯಾರದೋ ಮನೆಯ ಮೇಲೆ ಕೊಲೆಯ ಅನುಮಾನ ಬೀಳಬಾರದು.

ಸತ್ತು ಎಷ್ಟು ದಿನವಾಯಿತು ಎನ್ನುವುದು ಈ ವಿದ್ಯೆಯ ಅತಿ ಕಷ್ಟದ ಪ್ರಶ್ನೆ. ಅಮೆರಿಕದ ಟೆನೆಸ್ಸಿಯಲ್ಲಿ 1981ರಲ್ಲಿ ವಿಲಿಯಂ ಬಾಸ್ ಎಂಬ ಪ್ರಾಧ್ಯಾಪಕರು ಇದಕ್ಕೆಂದೇ ಒಂದು ಜಾಗ ಮಾಡಿದರು. ದಾನವಾಗಿ ಬಂದ ದೇಹಗಳನ್ನು ಬಯಲಲ್ಲಿಟ್ಟು ದಿನದಿನದ ಬದಲಾವಣೆ ಬರೆದಿಟ್ಟರು. ಆದರೆ ಅಲ್ಲಿಯ ಚಳಿ ಇಲ್ಲಿಲ್ಲ, ಇಲ್ಲಿಯ ಮಳೆ ಅಲ್ಲಿಲ್ಲ. ನಮ್ಮ ಸೆಕೆಯಲ್ಲಿ, ಬಯಲಲ್ಲಿ ಬಿದ್ದ ದೇಹ ಕೆಲವೇ ವಾರಗಳಲ್ಲಿ ಮೂಳೆಯಾಗಿಬಿಡುತ್ತದೆ. ಆಮೇಲೆ ಮೂಳೆಯ ಸರದಿ. ಘಟ್ಟದ ಕೆಂಪು ಮಣ್ಣು ಹುಳಿ ಗುಣದ್ದು. ಮಳೆನೀರಿನ ಜೊತೆ ಸೇರಿ ಅದು ಮೂಳೆಯ ಸುಣ್ಣವನ್ನು ಕರಗಿಸುತ್ತದೆ. ಬೆರಳಿನ, ಪಾದದ ಸಣ್ಣ ಮೂಳೆಗಳು ಮೊದಲು ಹೋಗುತ್ತವೆ. ಇದೇ ಮೂಳೆ ಅಘನಾಶಿನಿ ಅಳಿವೆಯಲ್ಲಿ, ಚಿಪ್ಪು ತುಂಬಿದ ಮಣ್ಣಿನಲ್ಲಿ ಹೂತಿದ್ದರೆ ಎಷ್ಟೋ ಕಾಲ ಗಟ್ಟಿಯಾಗಿ ಉಳಿಯುತ್ತಿತ್ತು. ಚಿಪ್ಪೂ ಸುಣ್ಣ, ಮೂಳೆಯೂ ಸುಣ್ಣ. ಒಂದೇ ಜಿಲ್ಲೆ, ಐವತ್ತು ಕಿಲೋಮೀಟರಿನ ಒಳಗೆ ಎರಡು ಬೇರೆ ಉತ್ತರ.

ಇಷ್ಟು ಹೊತ್ತು ನಾನು ಹೇಳಿದ್ದು ಮೂಳೆ ಹೇಳಿದ ಅರ್ಧ. ಗಂಡಸು, 40ರಿಂದ 55, ಗಿಡ್ಡ, ಎಡಗಾಲು ಕುಂಟು, ಮುಂಹಲ್ಲು ಮುರಿದದ್ದು. ಬಹಳ ಚೆನ್ನಾಗಿದೆ. ಹೆಸರು? ಹೆಸರು ಯಾವ ಮೂಳೆಯ ಮೇಲೂ ಬರೆದಿರುವುದಿಲ್ಲ. ಅದು ಕಾಣೆಯಾದವರ ಮನೆಯಲ್ಲಿರುತ್ತದೆ. ಈ ಎರಡು ಅರ್ಧ ಸೇರುವುದು ಎಲ್ಲಿ ತಪ್ಪುತ್ತದೆ ಎಂದು ಹೇಳುವುದಕ್ಕೇ ನಾನು ಇವತ್ತು ಬಂದದ್ದು.

ಪತ್ರಿಕೆಯಲ್ಲಿ ಕಾಣೆಯಾದವರ ಪ್ರಕಟಣೆ ಓದಿದ್ದೀರಲ್ಲ? "ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು." ನಲವತ್ತು ವರ್ಷದಿಂದ ಇದೇ ಮೂರು ಮಾತು ಓದುತ್ತಿದ್ದೇನೆ. ಈ ಮೂರರಲ್ಲಿ ಯಾವುದೂ ಮೂಳೆಯಲ್ಲಿ ಇರುವುದಿಲ್ಲ. ಗೋಧಿ ಬಣ್ಣ ಚರ್ಮದ್ದು, ಅದು ಹೋಗಿದೆ. ಮೈಕಟ್ಟು ಮಾಂಸದ್ದು, ಅದೂ ಹೋಗಿದೆ. ಕೋಲು ಮುಖವೋ ದುಂಡು ಮುಖವೋ ಎಂದರೆ ನೋಡಿದವರ ಕಣ್ಣಿನ ಮಾತು. ಹಲ್ಲು ಮುರಿದಿತ್ತಾ, ಎಂದಾದರೂ ಕೈಕಾಲು ಮುರಿದಿತ್ತಾ, ಯಾವ ಕಡೆಯದು, ರಾಡ್ ಹಾಕಿದ್ದರಾ ಎಂದು ಕೇಳುವವರು ಕಡಿಮೆ. ಕೇಳಿದರೂ ಬರೆಯುವವರು ಇನ್ನೂ ಕಡಿಮೆ.

ನನ್ನ ಚೀಲದ ವ್ಯಕ್ತಿಯ ಬಗ್ಗೆ ದೂರು ದಾಖಲಾಗಿತ್ತು. ಘಟ್ಟದ ಕೆಳಗಿನ ಒಂದು ಠಾಣೆಯಲ್ಲಿ. ಆ ದೂರಿನಲ್ಲಿ ಎತ್ತರ 5 ಅಡಿ 6 ಇಂಚು ಎಂದಿತ್ತು. ಯಾರೂ ಅಳೆದದ್ದಲ್ಲ, ಅಂದಾಜು. ಕುಂಟುತ್ತಿದ್ದ ಎಂದು ಆತನ ಅಕ್ಕ ಹೇಳಿದ್ದರು. ಬರೆದುಕೊಂಡಿರಲಿಲ್ಲ. ನನ್ನ ವರದಿ ಒಂದು ಕಡತದಲ್ಲಿ, ಅವರ ದೂರು ಇನ್ನೊಂದು ಕಡತದಲ್ಲಿ. ಎರಡರ ನಡುವೆ ಒಂದು ಘಟ್ಟ, ಎರಡೂವರೆ ವರ್ಷ.

ಕೊನೆಗೆ ಎರಡನ್ನೂ ಸೇರಿಸಿದ್ದು ಒಬ್ಬ ಹೆಡ್ ಕಾನ್‌ಸ್ಟೇಬಲ್. ಕೆಳಗಿನಿಂದ ವರ್ಗವಾಗಿ ಮೇಲಿನ ಠಾಣೆಗೆ ಬಂದಿದ್ದರು. ಹಳೆಯ ಯುಡಿಆರ್ ಕಡತ ತಿರುಗಿಸುವಾಗ ನನ್ನ ವರದಿ ಕಂಡಿದೆ. ಎಡಗಾಲು ಗಿಡ್ಡ ಎಂಬ ಸಾಲು ಓದಿದ ಕೂಡಲೇ, ಹಿಂದಿನ ಠಾಣೆಗೆ ತಿಂಗಳಿಗೊಮ್ಮೆ ಬಂದು "ಕುಂಟ್ತಾ ನಡೀತಿದ್ದ ನನ್ನ ತಮ್ಮ ಏನಾದ್ರೂ ಸಿಕ್ಕಿದ್ನಾ?" ಎಂದು ಕೇಳುತ್ತಿದ್ದ ಹೆಂಗಸು ಅವರಿಗೆ ನೆನಪಾಗಿದ್ದಾರೆ. ಒಬ್ಬ ಮನುಷ್ಯನಿಗೆ ನೆನಪಿತ್ತು, ಅಷ್ಟೇ. ಅವರಿಗೆ ವರ್ಗವಾಗಿರದಿದ್ದರೆ ಆ ಮೂಳೆಗಳು ಇಂದಿಗೂ ನಂಬರಿನಲ್ಲೇ ಇರುತ್ತಿದ್ದವು.

ಆ ಅಕ್ಕನ ಜೊತೆ ನಾನು ಒಂದು ಗಂಟೆ ಕೂತೆ. ಅವರ ತಮ್ಮ ತೋಟಗಳಲ್ಲಿ ಅಡಿಕೆ ಕೊನೆ ಕೊಯ್ಯುತ್ತಿದ್ದ. ಇಪ್ಪತ್ತೈದರ ಹರೆಯದಲ್ಲಿ ಅಡಿಕೆ ಮರದಿಂದ ಬಿದ್ದ. ನಾಟಿ ವೈದ್ಯರು ಬಿದಿರು ದಬ್ಬೆ ಕಟ್ಟಿ ಮಲಗಿಸಿದರು. ಎಕ್ಸ್‌ರೇ ಇಲ್ಲ, ಚೀಟಿ ಇಲ್ಲ. ಮುಂಹಲ್ಲು? "ಅದೂ ಅದೇ ದಿನ" ಎಂದರು. ನನ್ನ ವರದಿಯನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ.

ಇಲ್ಲಿ ಒಂದು ಹಳೆಯ ಕಥೆ ಹೇಳಲೇಬೇಕು. 1935ರ ಸೆಪ್ಟೆಂಬರ್. ಸ್ಕಾಟ್ಲೆಂಡಿನ ಮಾಫಟ್ ಎಂಬ ಊರಿನ ಹತ್ತಿರ, ಸೇತುವೆಯ ಕೆಳಗಿನ ಕಮರಿಯಲ್ಲಿ ತುಂಡು ತುಂಡಾದ ದೇಹದ ಭಾಗಗಳು ಸಿಕ್ಕವು. ಇಬ್ಬರು ಹೆಂಗಸರದ್ದು. ಕೊಂದವನು ವೈದ್ಯ, ಬಕ್ ರಕ್ಸ್‌ಟನ್. ಹುಟ್ಟಿದ್ದು ನಮ್ಮ ಬೊಂಬಾಯಿಯಲ್ಲಿ, ವೈದ್ಯಕೀಯ ನಡೆಸುತ್ತಿದ್ದುದು ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ. ಗುರುತು ಹಿಡಿಯುವುದು ಯಾವುದರಿಂದ ಎಂದು ಅವನಿಗೆ ಗೊತ್ತಿತ್ತು, ಅಂಥದ್ದನ್ನೆಲ್ಲ ಕಿತ್ತುಹಾಕಿದ್ದ. ಆದರೆ ತುಂಡು ಸುತ್ತಿದ ಪತ್ರಿಕೆಯ ಹಾಳೆ ಲ್ಯಾಂಕಾಸ್ಟರ್ ಸುತ್ತಮುತ್ತ ಮಾತ್ರ ಮಾರಾಟವಾದ ವಿಶೇಷ ಮುದ್ರಣದ್ದು. ಜಾನ್ ಗ್ಲೇಸ್ಟರ್, ಜೇಮ್ಸ್ ಬ್ರಾಶ್ ಎಂಬ ಪ್ರಾಧ್ಯಾಪಕರು ತಲೆಬುರುಡೆಯ ಫೋಟೋ ತೆಗೆದು, ಕಾಣೆಯಾಗಿದ್ದ ಅವನ ಹೆಂಡತಿಯ ಹಳೆಯ ಫೋಟೋದ ಮೇಲೆ ಅದೇ ಕೋನದಲ್ಲಿ ಇಟ್ಟರು. ಕಣ್ಣಿನ ಗೂಡು, ಮೂಗು, ಗದ್ದ ಎಲ್ಲ ಕೂಡಿದವು. 1936ರಲ್ಲಿ ಅವನಿಗೆ ಗಲ್ಲಾಯಿತು.

ಈ ಫೋಟೋ ಜೋಡಿಸುವ ವಿಧಾನ ಈಗ ಕಂಪ್ಯೂಟರಿನಲ್ಲಿ ನಡೆಯುತ್ತದೆ. ನಮ್ಮ ದೇಶದ ಪ್ರಯೋಗಾಲಯಗಳಲ್ಲೂ ಇದೆ. ಒಂದು ಎಚ್ಚರಿಕೆ. ಈ ತಲೆಬುರುಡೆ ಇವರದ್ದಲ್ಲ ಎಂದು ಹೇಳಲು ಇದು ಒಳ್ಳೆಯದು. ಇವರದ್ದೇ ಎಂದು ಇದೊಂದರಿಂದಲೇ ಹೇಳಬಾರದು. ಮತ್ತೆ ಇದಕ್ಕೆ ಫೋಟೋ ಬೇಕು. ಹಲ್ಲು ಕಾಣುವ ಹಾಗೆ ನಗುತ್ತಿರುವ ಫೋಟೋ ಆದರೆ ಬಹಳ ಒಳ್ಳೆಯದು. ನನ್ನ ಪ್ರಕರಣದಲ್ಲಿ ಇದ್ದದ್ದು ರೇಷನ್ ಕಾರ್ಡಿನ, ಉಗುರಿನಷ್ಟು ಚಿತ್ರ. ಅದರಿಂದ ಏನೂ ಆಗಲಿಲ್ಲ.

ಹಾಗಾದರೆ ಡಿಎನ್‌ಎ ಇದೆಯಲ್ಲ ಸಾರ್, ಮೂಳೆ ಅಳೆಯುವ ತಾಪತ್ರಯ ಯಾಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಡಿಎನ್‌ಎ ಹೋಲಿಕೆಯ ವಿದ್ಯೆ. ಹೋಲಿಸಲು ಎದುರಿಗೆ ಇನ್ನೊಬ್ಬರು ಬೇಕು. ಯಾರ ರಕ್ತ ತರಲಿ? ಇಡೀ ಜಿಲ್ಲೆಯದಾ? ಮೂಳೆಯಿಂದ ಸಾವಿರ ಜನರ ಪಟ್ಟಿ ಹತ್ತಕ್ಕೆ ಇಳಿಯುತ್ತದೆ. ಆ ಹತ್ತು ಮನೆಗೆ ಹೋಗಿ ರಕ್ತ ಕೇಳಬಹುದು. ಹಳೆಯ ಮೂಳೆಯಲ್ಲಿ ಚೆನ್ನಾಗಿ ಉಳಿಯುವುದು ಮೈಟೊಕಾಂಡ್ರಿಯಾ ಎಂಬ, ಜೀವಕೋಶದ ಒಳಗಿನ ಸಣ್ಣ ಭಾಗದ ಡಿಎನ್‌ಎ, ಯಾಕೆಂದರೆ ಒಂದೊಂದು ಜೀವಕೋಶದಲ್ಲಿ ಅದರ ನೂರಾರು ಪ್ರತಿ ಇರುತ್ತವೆ. ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಅಕ್ಕ ತಮ್ಮನಿಗೆ ಒಂದೇ. ಹಾಗಾಗಿ ಈ ಪ್ರಕರಣದಲ್ಲಿ ಅಕ್ಕ ಇದ್ದದ್ದು ನಮ್ಮ ಪುಣ್ಯ.

ಮನೆಯವರು ಇಲ್ಲದಿದ್ದರೆ ಏನಾಗುತ್ತದೆ? ಪಂಜಾಬಿನ ಅಜ್ನಾಲಾ ನೋಡಿ. 2014ರ ಫೆಬ್ರುವರಿಯಲ್ಲಿ ಅಲ್ಲಿ ಒಂದು ಹಳೆಯ ಬಾವಿಯಿಂದ ರಾಶಿ ಮೂಳೆ ಹೊರಬಂತು. 1857ರ ದಂಗೆಯಲ್ಲಿ ಕೊಲ್ಲಿಸಿದ 26ನೇ ಬೆಂಗಾಲ್ ಕಾಲಾಳು ಪಡೆಯ ಸೈನಿಕರದ್ದು ಎಂದು ಕೆಲವರು. ದೇಶ ಇಬ್ಭಾಗವಾದಾಗ ಸತ್ತವರದ್ದು ಎಂದು ಕೆಲವರು. ಸತ್ತ ಸೈನಿಕರು 282 ಎಂದು ಅಂದಿನ ಅಧಿಕಾರಿ ಫ್ರೆಡರಿಕ್ ಕೂಪರ್ ಲೆಕ್ಕ ಬರೆದಿಟ್ಟಿದ್ದ. ಊರವರು ಭಕ್ತಿಯಿಂದಲೇ ಅಗೆದರು, ಆದರೆ ಕ್ರಮವಿಲ್ಲದ ಅಗೆತದಲ್ಲಿ ಮೂಳೆಗಳು ಚೂರಾದವು. ಪಂಜಾಬ್ ವಿಶ್ವವಿದ್ಯಾಲಯದ ಜೆ. ಎಸ್. ಸೆಹ್ರಾವತ್, ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಸ್ಥೆ ಮತ್ತು ಲಖನೌದ ವಿಜ್ಞಾನಿಗಳು ಆ ಹಲ್ಲುಗಳನ್ನು ಪರೀಕ್ಷಿಸಿದರು. ಚಿಕ್ಕಂದಿನಲ್ಲಿ ನಾವು ಕುಡಿದ ನೀರಿನ ಗುರುತು ಹಲ್ಲಿನ ಹೊರಪದರದಲ್ಲಿ ಉಳಿದಿರುತ್ತದೆ. 2022ರಲ್ಲಿ ಫಲಿತಾಂಶ ಹೊರಬಂತು. ಇವರು ಪಂಜಾಬಿನ ನೀರು ಕುಡಿದು ಬೆಳೆದವರಲ್ಲ, ಗಂಗಾ ಬಯಲಿನವರು. ಆ ಪಡೆಯ ಸೈನಿಕರು ಬಂದದ್ದೂ ಆ ಕಡೆಯಿಂದಲೇ. ಎಂಥ ಕೆಲಸ! ಆದರೂ ಒಬ್ಬ ಸೈನಿಕನ ಹೆಸರೂ ಸಿಗಲಿಲ್ಲ. ಎದುರಿಗೆ ಬಂದು "ನಮ್ಮವರು" ಎನ್ನುವ ಮನೆ ಉಳಿದಿರಲಿಲ್ಲ.

ಅರ್ಜೆಂಟೀನಾದಲ್ಲಿ ಇದಕ್ಕೆ ಉಲ್ಟಾ ಆಯಿತು. 1976ರಿಂದ 1983ರವರೆಗಿನ ಸೇನಾಡಳಿತದಲ್ಲಿ ಸಾವಿರಾರು ಜನ ಕಾಣೆಯಾದರು. ಆಡಳಿತ ಬಿದ್ದ ಮೇಲೆ ಗೋರಿಗಳನ್ನು ಬುಲ್ಡೋಜರ್ ಹಚ್ಚಿ ಅಗೆದರು, ಮೂಳೆಗಳು ಕಲಸಿಹೋದವು. 1984ರಲ್ಲಿ ಕ್ಲೈಡ್ ಸ್ನೋ ಎಂಬ ಅಮೆರಿಕದ ತಜ್ಞರು ಹೋಗಿ, ಕಾಲೇಜು ಹುಡುಗ ಹುಡುಗಿಯರಿಗೆ ಕೈಕರಣೆ, ಕುಂಚ ಹಿಡಿದು ಅಗೆಯುವುದನ್ನು ಕಲಿಸಿದರು. ಅಲ್ಲಿ ಕಾಣೆಯಾದವರ ತಾಯಂದಿರು, ಅಜ್ಜಿಯರು ವರ್ಷಗಟ್ಟಲೆ ಹಟ ಹಿಡಿದು ಕೇಳುತ್ತಲೇ ಇದ್ದರು. ಹೆಸರುಗಳು ಸಿಕ್ಕಿದ್ದು ಅದಕ್ಕೇ. ನಮ್ಮಲ್ಲಿ ಜೆಸಿಬಿ ತರಿಸುವ ಅಧಿಕಾರಿಗಳಿಗೆ ನಾನು ಈ ಕಥೆ ಹೇಳುತ್ತಿರುತ್ತೇನೆ.

ಈಗ ಕಡಲಿನ ಮಾತು. ಇಲ್ಲಿ ಹರಿಕಂತ್ರರು, ಖಾರ್ವಿಗಳು, ಗಾಬಿತರು ಕೂತಿದ್ದೀರಿ. ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ನಮ್ಮ ಕಡಲಿನ ಸೆಳೆತ ತೆಂಕು ದಿಕ್ಕಿಗೆ, ಚಳಿಗಾಲದಲ್ಲಿ ಬಡಗಿಗೆ. ಹಾಗಾಗಿ ಜುಲೈಯಲ್ಲಿ ಗೋವಾ ಗಡಿಯ ಮಾಜಾಳಿಯ ದಡಕ್ಕೆ ಬಂದ ದೇಹ ಗೋವಾದ್ದಿರಬಹುದು. ಡಿಸೆಂಬರಿನಲ್ಲಿ ಬಂದದ್ದು ತೆಂಕಿನ ಕಡೆಯದಿರಬಹುದು. ರಾಜ್ಯದ ಗಡಿ ನೀರಿಗೆ ಗೊತ್ತಿಲ್ಲ, ಕಡತಕ್ಕೆ ಮಾತ್ರ ಗೊತ್ತು. ನೀರಲ್ಲಿ ದೇಹದ ಕೀಲುಗಳು ಬಿಡುತ್ತವೆ. ಕೈ, ಪಾದ, ಕೆಳದವಡೆ ಮೊದಲು ಬೇರೆಯಾಗುತ್ತವೆ. ಕೆನಡಾದ ಪಶ್ಚಿಮ ಕರಾವಳಿಯಲ್ಲಿ 2007ರಿಂದ ಶೂಗಳ ಒಳಗೆ ಪಾದಗಳು ದಡಕ್ಕೆ ಬರತೊಡಗಿದವು. ಯಾರೋ ಕಡಿದು ಎಸೆಯುತ್ತಿದ್ದಾರೆ ಎಂದು ಜನ ಹೆದರಿದರು. ಪರೀಕ್ಷೆ ಮಾಡಿದರೆ ಒಂದರಲ್ಲೂ ಕೊಯ್ದ ಗುರುತಿಲ್ಲ. ಮುಳುಗಿ ಸತ್ತವರ ಕಾಲಗಂಟು ತಾನಾಗಿ ಕಳಚಿದೆ, ಈಗಿನ ಹಗುರ ಶೂ ತೇಲಿಸಿಕೊಂಡು ಬಂದಿದೆ. ಹಲವರ ಗುರುತೂ ಸಿಕ್ಕಿತು. ದಡದಲ್ಲಿ ಸಿಕ್ಕ ಬಟ್ಟೆ, ಬೆಲ್ಟ್, ಚಪ್ಪಲಿಯ ಮೇಲೆ ಬೋಟಿನ ತಳಕ್ಕೆ ಹಿಡಿಯುವಂಥ ಚಿಪ್ಪು ಕೂತಿದ್ದರೆ ಕೆರೆದು ಹಾಕಬೇಡಿ. ಅದರ ಗಾತ್ರದಿಂದ ಎಷ್ಟು ದಿನ ನೀರಲ್ಲಿತ್ತು ಎಂದು ಅಂದಾಜು ಮಾಡಬಹುದು.

ಶಿರೂರು ನಮಗೆಲ್ಲ ಇನ್ನೂ ಹಸಿ ಗಾಯ. 2024ರ ಜುಲೈ 16ರಂದು ಗುಡ್ಡ ಕುಸಿಯಿತು. ಆ ಕುಸಿತಕ್ಕೆ ಸಿಕ್ಕಿದ ಕೇರಳದ ಲಾರಿಯನ್ನು ಗಂಗಾವಳಿ ನದಿಯ ತಳದಿಂದ ಮೇಲೆತ್ತಿದ್ದು ಸೆಪ್ಟೆಂಬರ್ 25ಕ್ಕೆ. ಎರಡು ತಿಂಗಳು ದಾಟಿತ್ತು. ಕ್ಯಾಬಿನ್ ಒಳಗಿದ್ದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು, ಆದರೂ ಡಿಎನ್‌ಎ ಮಾಡಿದರು. ಅದು ಸರಿಯಾದ ಕ್ರಮ. ಗೊತ್ತಿದೆ ಎನ್ನುವುದು ಬೇರೆ, ಮನೆಯವರ ಕೈಗೆ ಖಚಿತವಾಗಿ ಕೊಡುವುದು ಬೇರೆ. ಸುವರ್ಣ ತ್ರಿಭುಜ ಬೋಟ್ ನೆನಪಿದೆಯಲ್ಲ? 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟು ಏಳು ಮೀನುಗಾರರ ಜೊತೆ ಕಾಣೆಯಾಯಿತು. ಅವರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಹತ್ತಿರ ಬೋಟಿನ ಅವಶೇಷ ಸಿಕ್ಕಿತು. ಅಲ್ಲಿಯವರೆಗೆ ಆ ಮನೆಗಳು ಐದು ತಿಂಗಳು ಹೇಗೆ ಕಳೆದಿರಬೇಕು! ಹನ್ನೆರಡನೇ ದಿನ ಮಾಡಬೇಕೋ ಬೇಡವೋ. ಕುಂಕುಮ ಇಡಬೇಕೋ ಬೇಡವೋ. ಯಾವ ಸುಳಿವೂ ಇಲ್ಲದೆ ಕಾಣೆಯಾದವರನ್ನು ಸತ್ತವರೆಂದು ಕಾನೂನು ಭಾವಿಸಲು ಏಳು ವರ್ಷ ಬೇಕು. ಬ್ಯಾಂಕು, ಜಮೀನು, ವಿಮೆ ಎಲ್ಲ ಅಲ್ಲಿಗೆ ನಿಲ್ಲುತ್ತದೆ. ಒಂದು ದವಡೆ ಮೂಳೆ ಸಿಕ್ಕರೂ ಸಾಕು ಎಂದು ನನ್ನ ಹತ್ತಿರ ಅತ್ತವರಿದ್ದಾರೆ. ಆ ಮಾತು ಕೇಳಿದ ಮೇಲೆ ಯಾವ ಮೂಳೆಯನ್ನೂ ನಾನು ಬರೀ ಮೂಳೆ ಎಂದು ನೋಡಿಲ್ಲ.

ಕಾಣೆಯಾದವರ ಮತ್ತು ಗುರುತು ಸಿಗದ ಶವಗಳ ಡಿಎನ್‌ಎಯನ್ನು ಒಂದೇ ಕಡೆ ಇಟ್ಟು ಹೋಲಿಸುವ ವ್ಯವಸ್ಥೆಗೆ 2019ರಲ್ಲಿ ಲೋಕಸಭೆಯಲ್ಲಿ ಮಸೂದೆ ಬಂದಿತ್ತು. 2023ರಲ್ಲಿ ಅದನ್ನು ವಾಪಸ್ ಪಡೆದರು. ಅಪರಾಧಿಗಳ, ಆರೋಪಿಗಳ ಡಿಎನ್‌ಎ ಇಡುವ ಬಗ್ಗೆ ಇದ್ದ ಆತಂಕ ನನಗೂ ಅರ್ಥವಾಗುತ್ತದೆ. ಆದರೆ ಕಾಣೆಯಾದವರ ಭಾಗವನ್ನಾದರೂ ಬೇರೆ ಮಾಡಿ ತರಬೇಕು. ಅದು ಬರುವವರೆಗೆ ನಾವೇ ಮಾಡಬಹುದಾದದ್ದಿದೆ. ದೂರು ಕೊಡುವಾಗ ಎತ್ತರ ಅಂದಾಜಿನಲ್ಲಿ ಹೇಳಬೇಡಿ. ಮನೆಯಲ್ಲಿ ಅವರಷ್ಟೇ ಎತ್ತರದ ಯಾರನ್ನಾದರೂ ಗೋಡೆಗೆ ನಿಲ್ಲಿಸಿ ಅಳೆಯಿರಿ. ಮುರಿದ ಮೂಳೆ, ಕಿತ್ತ ಹಲ್ಲು ಎಲ್ಲ ಹೇಳಿ, ಬರೆದರಾ ಎಂದು ಓದಿಸಿ ಕೇಳಿ. ಎಕ್ಸ್‌ರೇ ಹಾಳೆಯನ್ನು ಗ್ರಹಣ ನೋಡಲು ಕೊಡಬೇಡಿ, ಹಲ್ಲಿನ ಡಾಕ್ಟರ ಚೀಟಿ ಎಸೆಯಬೇಡಿ. 2004ರ ಸುನಾಮಿಯಲ್ಲಿ ಥಾಯ್ಲೆಂಡಿನಲ್ಲಿ ಸತ್ತ ವಿದೇಶಿ ಪ್ರವಾಸಿಗರಲ್ಲಿ ಎಷ್ಟೋ ಜನರ ಗುರುತು ಹಲ್ಲಿನ ದಾಖಲೆಯಿಂದ ಬೇಗ ಸಿಕ್ಕಿತು. ಅಲ್ಲಿಯ ಬಡ ಜನರಿಗೆ ಅಂಥ ದಾಖಲೆ ಇರಲಿಲ್ಲ, ಅವರು ಕಾದರು. ಬೋಟಿಗೆ ಹೋಗುವವರ ಹಲ್ಲು ಕಾಣುವ ಫೋಟೋ ಒಂದು ಮನೆಯಲ್ಲಿ ಇರಲಿ. ಪೊಲೀಸ್ ಮಿತ್ರರಲ್ಲಿ ಒಂದೇ ಕೋರಿಕೆ. ಗುರುತು ಸಿಗದವರನ್ನು ಸುಡಬೇಡಿ, ಹೂಳಿ. ಹೂತ ಜಾಗಕ್ಕೆ ನಂಬರ್ ಹಾಕಿ. ಒಂದು ಹಲ್ಲನ್ನಾದರೂ ಕಾಗದದ ಲಕೋಟೆಯಲ್ಲಿ ಒಣಗಿಸಿ ಇಡಿ.

ಆ ಅಕ್ಕನ ವಿಷಯ ಹೇಳಿ ಮುಗಿಸುತ್ತೇನೆ. ಪ್ರಯೋಗಾಲಯದ ವರದಿ ಬರಲು ತಿಂಗಳುಗಳೇ ಹಿಡಿದವು. ಹೊಂದಿತು. ಅವರು ಮಗನ ಜೊತೆ, ಹೊಸ ಬಿಳಿ ಪಂಚೆ ಹಿಡಿದು ಬಂದರು. ನಾನು ಮೂಳೆಗಳನ್ನು ಕ್ರಮವಾಗಿ ಜೋಡಿಸಿಟ್ಟಿದ್ದೆ. ಅವರು ಸೀದಾ ಎಡತೊಡೆಯ ಹತ್ತಿರ ಬಂದು, ಬಾಗಿದ ಆ ಗಂಟಿನ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಹಾಗೆಯೇ ನಿಂತರು. ಆಮೇಲೆ ಬಲತೊಡೆ ನೋಡಿದರು. ಅದರ ನಡುವೆ ಒಂದು ಚೌಕ ಕೊಯ್ದಿತ್ತು.

"ಇದನ್ನ ಯಾರು ಕೊಯ್ದರು?"

"ಪರೀಕ್ಷೆಗೆ ನಾನೇ ಕಳಿಸಿದ್ದು, ಅಕ್ಕ."

"ಆ ಚೂರು ವಾಪಸ್ ಬರ್ತದಾ?"

ಪುಡಿ ಮಾಡಿ ಪರೀಕ್ಷೆಗೆ ಹಾಕುತ್ತಾರೆ, ಬರುವುದಿಲ್ಲ ಎಂದೆ. "ಮೊದಲೇ ಒಂದು ಮಾತು ಹೇಳ್ಬೇಕಿತ್ತು ಡಾಕ್ಟ್ರೇ. ನಾ ಬೇಡ ಅಂತಿರ್ಲಿಲ್ಲ" ಎಂದರು. ಅವರು ಹೇಳಿದ್ದು ಸರಿ. ಅಂದಿನಿಂದ ಮನೆಯವರಿಗೆ ಹೇಳದೆ ನಾನು ಮೂಳೆ ಕೊಯ್ದಿಲ್ಲ. ಒಂದು ಹಲ್ಲಿನಲ್ಲಿ ಆಗುವ ಕೆಲಸವಾದರೆ ಹಲ್ಲನ್ನೇ ಕೇಳುತ್ತೇನೆ.

ಕೈ ಬೆರಳು, ಕಾಲ್ಬೆರಳು ಎಲ್ಲಿ ಎಂದು ಕೇಳಿದರು. ಮಣ್ಣಿನ ಹುಳಿಗೆ ಕರಗಿಹೋಗಿವೆ ಎಂದು ವಿವರಿಸಿದೆ. ಅವರು ಪಂಚೆ ಮಡಚುತ್ತಾ, ಹಾಗಾದರೆ ಆ ಮಣ್ಣು ಸ್ವಲ್ಪ ಸಿಗಬಹುದಾ ಎಂದರು. ಮರುದಿನ ಬೆಳಿಗ್ಗೆ ಆ ಹೆಡ್ ಕಾನ್‌ಸ್ಟೇಬಲ್ ಬೆಟ್ಟ ಹತ್ತಿ, ಉಪ್ಪಾಗೆ ಮರದ ಬುಡದಿಂದ ಒಂದು ಡಬ್ಬಿ ಕೆಂಪು ಮಣ್ಣು ತಂದುಕೊಟ್ಟರು.